ಅಗ್ಗದ ಟಿಕೆಟ್ಟಿನ ಬೆಲೆ ಕಟ್ಟಿದವರು

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲೇ ಒಂದು ರನ್‌ವೇ. ವಿಮಾನ ಬರುವ ದಿನ ಆ ಪುಟ್ಟ ನಿಲ್ದಾಣದಲ್ಲಿ ಓಡಾಟ ಇರುವುದು ಒಂದೆರಡು ಗಂಟೆ ಮಾತ್ರ. ಹಂಪಿ ನೋಡಿ ಮುಗಿಸಿದವರು ಹೊಸಪೇಟೆಯಿಂದ ಟ್ಯಾಕ್ಸಿಯಲ್ಲಿ ಬಂದು ಇಳಿಯುತ್ತಾರೆ. ಸಂಡೂರಿನ ಗಣಿ ಕಂಪನಿಯವರು ಫೋನಿನಲ್ಲಿ ಮಾತಾಡುತ್ತಲೇ ಸಾಲಿನಲ್ಲಿ ನಿಲ್ಲುತ್ತಾರೆ. ಕಂಪ್ಲಿಯಿಂದ ವಯಸ್ಸಾದ ತಾಯಿಯನ್ನು ಆಸ್ಪತ್ರೆಗೆಂದು ಹೊರಡಿಸಿಕೊಂಡು ಬಂದವರು ಗಾಲಿಕುರ್ಚಿ ಕೇಳುತ್ತಾರೆ. ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಟ್ಟ ಯುವತಿಯೇ ಸ್ವಲ್ಪ ಹೊತ್ತಿಗೆ ಮೈಕ್ ಹಿಡಿದು ಪ್ರಕಟಣೆ ಹೇಳುತ್ತಾರೆ, ಬಾಗಿಲಲ್ಲಿ ನಿಂತು ಪಾಸ್ ನೋಡುತ್ತಾರೆ, ಗಾಲಿಕುರ್ಚಿಯನ್ನೂ ತಳ್ಳುತ್ತಾರೆ. ವಿಮಾನ ತಡವಾದರೆ ಬೈಗುಳ ಕೇಳುವವರೂ ಅವರೇ.

ಸಣ್ಣ ನಿಲ್ದಾಣಗಳ ಕೆಲಸವೆಲ್ಲ ಹೀಗೆಯೇ. ಒಬ್ಬರಿಗೆ ನಾಲ್ಕು ಜನರ ಕೆಲಸ.

ವಿಮಾನಯಾನ ಕಂಪನಿಗಳ ಪೈಪೋಟಿ ಎಂದರೆ ನಮಗೆ ಕಾಣುವುದು ಟಿಕೆಟ್ ದರ. ಇವತ್ತು ಎರಡೂವರೆ ಸಾವಿರ, ನಾಳೆ ಆರು ಸಾವಿರ. ಆ ದರದ ಹಿಂದೆ ನಡೆಯುವ ಜಗಳ ಆ ಕೌಂಟರಿನ ಆಚೆ ನಿಂತವರಿಗೆ ಗೊತ್ತು. ಎದುರಾಳಿಯನ್ನು ಮಣಿಸಲು ಕಂಪನಿ ಹೂಡುವ ಪ್ರತಿ ತಂತ್ರವೂ ಕೊನೆಗೆ ಯಾರದೋ ಡ್ಯೂಟಿ ಪಟ್ಟಿಯಲ್ಲಿ, ಯಾರದೋ ಸಂಬಳದ ತಾರೀಕಿನಲ್ಲಿ ಬಂದು ಕೂರುತ್ತದೆ. ಈ ಕತೆಯ ಅತಿ ದೊಡ್ಡ ಅಧ್ಯಾಯ ನಡೆದದ್ದು ನಮ್ಮ ಕರ್ನಾಟಕದಲ್ಲೇ.

ಎದುರಾಳಿಯೇ ಇಲ್ಲದ ಮಾರ್ಗ

ಮೊದಲು ನಮ್ಮ ರನ್‌ವೇ ವಿಷಯ. ಸಂಡೂರು ತಾಲ್ಲೂಕಿನ ತೋರಣಗಲ್ಲು ಬಳಿಯ ವಿದ್ಯಾನಗರದಲ್ಲಿರುವ ಈ ನಿಲ್ದಾಣ ಜಿಂದಾಲ್ ಉಕ್ಕು ಕಂಪನಿಯದು. ಸಾಮಾನ್ಯ ಪ್ರಯಾಣಿಕರಿಗೆ ಇದು ಹತ್ತಿರವಾದದ್ದು ಕೇಂದ್ರ ಸರ್ಕಾರದ ಉಡಾನ್ ಯೋಜನೆಯಿಂದ. 2016ರಲ್ಲಿ ಪ್ರಕಟವಾದ ಈ ಯೋಜನೆಯಡಿ 2017ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ಟ್ರೂಜೆಟ್ ಕಂಪನಿ ಇಲ್ಲಿಗೆ ಎಟಿಆರ್ ವಿಮಾನ ಹಾರಿಸಲು ಶುರುಮಾಡಿತು.

ಉಡಾನ್ ನಡೆಯುವುದು ಹೀಗೆ. ಮಾರ್ಗಗಳನ್ನು ಹರಾಜಿಗೆ ಇಡುತ್ತಾರೆ. ಯಾವ ಕಂಪನಿ ಕಡಿಮೆ ಸಹಾಯಧನ ಕೇಳುತ್ತದೋ ಅದಕ್ಕೆ ಮಾರ್ಗ. ವಿಮಾನದ ಸುಮಾರು ಅರ್ಧದಷ್ಟು ಸೀಟುಗಳನ್ನು ನಿಗದಿಯಾದ ದರದ ಮಿತಿಯೊಳಗೆ ಮಾರಬೇಕು. ಯೋಜನೆ ಶುರುವಾದಾಗ ಒಂದು ಗಂಟೆಯ ಹಾರಾಟಕ್ಕೆ ಆ ಮಿತಿ ಸುಮಾರು 2,500 ರೂಪಾಯಿ ಇತ್ತು. ಬದಲಿಗೆ ಮೂರು ವರ್ಷ ಸಹಾಯಧನ, ಮೂರು ವರ್ಷ ಆ ಮಾರ್ಗದಲ್ಲಿ ಏಕಾಧಿಕಾರ. ಇನ್ನೊಂದು ಕಂಪನಿ ಅಷ್ಟರೊಳಗೆ ಅಲ್ಲಿಗೆ ಕಾಲಿಡುವಂತಿರಲಿಲ್ಲ. ಈ ಸಹಾಯಧನಕ್ಕೆಂದು ದೆಹಲಿ, ಮುಂಬೈ, ಬೆಂಗಳೂರಿನಂಥ ದೊಡ್ಡ ಮಾರ್ಗಗಳ ವಿಮಾನಗಳ ಮೇಲೆ ಸುಂಕ ಹಾಕಲಾಯಿತು. ನಮ್ಮ ಎದುರಾಳಿಗಳನ್ನು ಸಾಕಲು ನಾವೇಕೆ ಸುಂಕ ಕಟ್ಟಬೇಕು ಎಂದು ದೊಡ್ಡ ಕಂಪನಿಗಳು ತಕರಾರು ತೆಗೆದವು.

ಏಕಾಧಿಕಾರ ಇದ್ದರೂ ಸಣ್ಣ ಕಂಪನಿ ನಿರಾಳವಾಗಿ ಉಸಿರಾಡುವುದಿಲ್ಲ. ಹೊಸಪೇಟೆಯಿಂದ ಬೆಂಗಳೂರಿಗೆ ಹೋಗುವವರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆ, ರಾತ್ರಿಯಿಡೀ ಸ್ಲೀಪರ್ ಬಸ್ಸುಗಳಿವೆ. ಹುಬ್ಬಳ್ಳಿಯಂಥ ನಿಲ್ದಾಣಕ್ಕೆ ದೊಡ್ಡ ವಿಮಾನ ಬಂದರೆ ಅರ್ಧ ಪ್ರಯಾಣಿಕರು ಕಾರು ಹತ್ತಿ ಅಲ್ಲಿಗೇ ಹೋಗುತ್ತಾರೆ. 2018ರಲ್ಲಿ ಹುಬ್ಬಳ್ಳಿಗೆ ಉಡಾನ್ ಅನುಕೂಲ ಸಿಕ್ಕಾಗ ಸ್ಪೈಸ್‌ಜೆಟ್ ಬೆಳಗಾವಿಯ ವಿಮಾನಗಳನ್ನು ಅತ್ತ ಸಾಗಿಸಿತು. ಬೆಳಗಾವಿಯವರು ಪ್ರತಿಭಟಿಸಬೇಕಾಯಿತು. ಊರುಗಳೂ ಹೀಗೆ ಪೈಪೋಟಿಗೆ ಬೀಳುತ್ತವೆ.

ಟ್ರೂಜೆಟ್ 2022ರ ಫೆಬ್ರುವರಿಯಲ್ಲಿ ಹಾರಾಟ ನಿಲ್ಲಿಸಿತು. ನೌಕರರ ಸಂಬಳ ಬಾಕಿಯ ಸುದ್ದಿ ಅದಕ್ಕೂ ಮೊದಲೇ ಪತ್ರಿಕೆಗಳಲ್ಲಿ ಬಂದಿತ್ತು. ಮಾರ್ಗ ನಿಂತಾಗ ಪ್ರಯಾಣಿಕ ಬಸ್ಸಿಗೆ ಮರಳಿದ. ಕೌಂಟರಿನವರಿಗೆ ಮರಳಲು ಯಾವ ಬಸ್ಸೂ ಇರಲಿಲ್ಲ.

ಗೊರೂರಿನ ಕ್ಯಾಪ್ಟನ್, ಬೆಂಗಳೂರಿನ ಮಲ್ಯ

ಆ ದೊಡ್ಡ ಅಧ್ಯಾಯ ಶುರುವಾದದ್ದು ಇದಕ್ಕೂ ಬಹಳ ಹಿಂದೆ, 2003ರ ಆಗಸ್ಟ್‌ನಲ್ಲಿ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಮೊದಲ ವಿಮಾನ ಹಾರಿಸಿತು. ಸೇನೆಯಿಂದ ಬಂದು, ಬೇಸಾಯ ಮಾಡಿ, ಹೆಲಿಕಾಪ್ಟರ್ ಕಂಪನಿ ಕಟ್ಟಿದ್ದವರು ಅವರು. ರೈಲಿನ ಎ.ಸಿ. ಬೋಗಿಯಲ್ಲಿ ಹೋಗುವವರನ್ನು ವಿಮಾನ ಹತ್ತಿಸುವುದು ಅವರ ಲೆಕ್ಕಾಚಾರ. ಆರ್.ಕೆ. ಲಕ್ಷ್ಮಣ್ ಅವರ ಕಾಮನ್ ಮ್ಯಾನ್ ಕಂಪನಿಯ ಗುರುತಾದ. ಊಟ ಇಲ್ಲ, ಸೀಟಿನ ನಂಬರ್ ಇಲ್ಲ, ನೀರು ಬೇಕಿದ್ದರೆ ದುಡ್ಡು. ಮೊದಲೇ ಬುಕ್ ಮಾಡಿದ ಕೆಲವರಿಗೆ ಒಂದು ರೂಪಾಯಿಗೂ ಟಿಕೆಟ್ ಸಿಕ್ಕಿತು.

ಸಣ್ಣ ವಿಮಾನ ಆರಿಸಿದ್ದರಲ್ಲೂ ಲೆಕ್ಕ ಇತ್ತು. 80 ಸೀಟಿಗಿಂತ ಕಡಿಮೆ ಇರುವ ವಿಮಾನಕ್ಕೆ ನಿಲ್ದಾಣದಲ್ಲಿ ಇಳಿಯುವ ಶುಲ್ಕ ಇರಲಿಲ್ಲ, ಇಂಧನದ ಮೇಲಿನ ಮಾರಾಟ ತೆರಿಗೆಯೂ ಕಡಿಮೆ. ದೊಡ್ಡ ಜೆಟ್ ಇಟ್ಟುಕೊಂಡವರು ಹೋಗದ ಊರುಗಳಿಗೆ ಏರ್ ಡೆಕ್ಕನ್ ಹೋದದ್ದು ಈ ಬಲದ ಮೇಲೆ.

2005ರ ಮೇ ತಿಂಗಳಲ್ಲಿ ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಬಂತು. ಅದರದು ತದ್ವಿರುದ್ಧ ದಾರಿ. ಪ್ರತಿ ಸೀಟಿನ ಎದುರು ಟಿ.ವಿ., ಕೆಂಪು ಸಮವಸ್ತ್ರ, ಒಳ್ಳೆಯ ಊಟ. ಪ್ರಯಾಣಿಕರನ್ನು ಅತಿಥಿಗಳೆಂದೇ ಕರೆಯಬೇಕೆಂಬ ಸೂಚನೆ. ಮಲ್ಯ ಅವರೇ ಪರದೆಯ ಮೇಲೆ ಬಂದು ಸ್ವಾಗತ ಹೇಳುತ್ತಿದ್ದರು. ಎರಡೂ ಬೆಂಗಳೂರಿನ ಕಂಪನಿಗಳು. ಒಂದು ದರದಲ್ಲಿ ಗೆಲ್ಲಲು ಹೊರಟಿತ್ತು, ಇನ್ನೊಂದು ಆದರದಲ್ಲಿ.

ಅದೇ ಹೊತ್ತಿಗೆ ಸ್ಪೈಸ್‌ಜೆಟ್, ಗೋ ಏರ್, ಮರುವರ್ಷ ಇಂಡಿಗೊ ಕೂಡ ಆಕಾಶಕ್ಕೇರಿದವು. ಜಾಹೀರಾತು ಫಲಕಗಳೂ ಜಗಳಕ್ಕೆ ಇಳಿದವು. 2007ರಲ್ಲಿ ಮುಂಬೈಯಲ್ಲಿ ‘ನಾವು ಬದಲಾಗಿದ್ದೇವೆ’ ಎಂದು ಜೆಟ್ ಏರ್‌ವೇಸ್ ಹಾಕಿದ ಫಲಕದ ಮೇಲ್ಗಡೆಯೇ ‘ಅವರನ್ನು ಬದಲಾಯಿಸಿದ್ದು ನಾವೇ’ ಎಂದು ಕಿಂಗ್‌ಫಿಷರ್ ಇನ್ನೊಂದು ಫಲಕ ಹಾಕಿತು. ಅದರ ಮೇಲೆ ಗೋ ಏರ್ ‘ನಾವು ಬದಲಾಗಿಲ್ಲ’ ಎಂದು ಸೇರಿಸಿತು. ಊರೆಲ್ಲ ನಕ್ಕಿತು. ಕಂಪನಿಗಳ ಒಳಗೆ ನಗುವ ಸ್ಥಿತಿ ಇರಲಿಲ್ಲ. ಬಹುತೇಕ ಎಲ್ಲರೂ ಖರ್ಚಿಗಿಂತ ಕಡಿಮೆ ದರಕ್ಕೆ ಸೀಟು ಮಾರುತ್ತಿದ್ದರು.

ವಯಸ್ಸಿಗಾಗಿ ಕೊಂಡ ಕಂಪನಿ

2007ರಲ್ಲಿ ಮಲ್ಯ ಅವರ ಸಮೂಹ ಏರ್ ಡೆಕ್ಕನ್‌ನ ಶೇಕಡಾ 26 ಪಾಲು ಕೊಂಡಿತು. ದುಬಾರಿ ವಿಮಾನ ಹಾರಿಸುವವರಿಗೆ ಅಗ್ಗದ ವಿಮಾನ ಏಕೆ ಬೇಕಿತ್ತು?

ಉತ್ತರ ಒಂದು ನಿಯಮದಲ್ಲಿತ್ತು. ಭಾರತದ ಕಂಪನಿ ವಿದೇಶಕ್ಕೆ ಹಾರಬೇಕಾದರೆ ಐದು ವರ್ಷ ದೇಶದೊಳಗೆ ಹಾರಿರಬೇಕು, 20 ವಿಮಾನ ಇರಬೇಕು ಎಂದು ಆಗ ಕಾನೂನು. 2005ರಲ್ಲಿ ಹುಟ್ಟಿದ ಕಿಂಗ್‌ಫಿಷರ್ 2010ರವರೆಗೆ ಕಾಯಬೇಕಿತ್ತು. ಏರ್ ಡೆಕ್ಕನ್‌ಗೆ 2008ರ ಆಗಸ್ಟ್‌ಗೇ ಐದು ತುಂಬುತ್ತಿತ್ತು. ಎರಡೂ ಒಂದಾದವು. 2008ರ ಸೆಪ್ಟೆಂಬರ್‌ನಲ್ಲಿ ಕಿಂಗ್‌ಫಿಷರ್ ಬೆಂಗಳೂರಿನಿಂದ ಲಂಡನ್‌ಗೆ ಹಾರಿತು. ಡೆಕ್ಕನ್ ಹೆಸರು ಮಾಯವಾಗಿ ಕಿಂಗ್‌ಫಿಷರ್ ರೆಡ್ ಆಯಿತು. 2011ರ ಸೆಪ್ಟೆಂಬರ್‌ನಲ್ಲಿ ಅದನ್ನೂ ಮುಚ್ಚುವುದಾಗಿ ಮಲ್ಯ ಪ್ರಕಟಿಸಿದರು.

ಪತ್ರಿಕೆಗಳು ಇದನ್ನು ಷೇರು, ಸಾಲ, ಮಾರುಕಟ್ಟೆ ಪಾಲಿನ ಸುದ್ದಿಯಾಗಿ ಬರೆದವು. ನೌಕರರಿಗೆ ವಿಲೀನ ಎಂದರೆ ಬೇರೆಯೇ. ನಿನ್ನೆಯವರೆಗೆ ಎದುರಾಳಿ ಎಂದು ಕಂಡವರು ಇವತ್ತು ಪಕ್ಕದ ಕುರ್ಚಿಯಲ್ಲಿ. ಸಮವಸ್ತ್ರ ಬದಲು, ಹಾಜರಾತಿ ಪದ್ಧತಿ ಬದಲು. ಎಲ್ಲಕ್ಕಿಂತ ದೊಡ್ಡ ಜಗಳ ಸೇವಾ ಹಿರಿತನದ ಪಟ್ಟಿಯದು. ಯಾರು ಮೊದಲು ಕ್ಯಾಪ್ಟನ್ ಆಗುತ್ತಾರೆ, ಯಾರಿಗೆ ದೊಡ್ಡ ವಿಮಾನ, ಯಾರಿಗೆ ವಿದೇಶ ಮಾರ್ಗ ಎಂಬುದನ್ನೆಲ್ಲ ಆ ಪಟ್ಟಿಯೇ ತೀರ್ಮಾನಿಸುತ್ತದೆ.

ಸರ್ಕಾರಿ ಕಂಪನಿಗಳೂ ಇದರಿಂದ ಪಾರಾಗಲಿಲ್ಲ. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು. ಐದು ವರ್ಷ ಕಳೆದರೂ ಪೈಲಟ್‌ಗಳು ಒಂದಾಗಿರಲಿಲ್ಲ. ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿ ಯಾರಿಗೆ ಸಿಗಬೇಕೆಂಬ ಪ್ರಶ್ನೆಯ ಮೇಲೆ 2012ರಲ್ಲಿ 58 ದಿನ ಮುಷ್ಕರ ನಡೆಯಿತು. ಒಂದೇ ಕಂಪನಿಯ ಒಳಗೆ ಹಳೆಯ ಎರಡು ಕಂಪನಿಗಳು ಇನ್ನೂ ಕಾದಾಡುತ್ತಿದ್ದವು.

ಸೀಟು ಮಾರುವ ಕಲೆ

ಇನ್ನು ತಂತ್ರಗಳ ವಿಷಯ. ಒಂದು ವಿಮಾನದ ಸೀಟುಗಳಿಗೆಲ್ಲ ಒಂದೇ ಬೆಲೆ ಇರುವುದಿಲ್ಲ. ಕಂಪನಿಯ ದರ ವಿಭಾಗ ಅವನ್ನು ಹತ್ತಾರು ಪಾಲು ಮಾಡುತ್ತದೆ. ಉದಾಹರಣೆಗೆ 70 ಸೀಟಿನ ವಿಮಾನದಲ್ಲಿ ಮೊದಲ ಎಂಟು ಸೀಟು ತೀರಾ ಅಗ್ಗ, ಮುಂದಿನ ಹತ್ತು ಸ್ವಲ್ಪ ಜಾಸ್ತಿ, ಕೊನೆಯ ಐದಕ್ಕೆ ಬಾಯಿಗೆ ಬಂದ ಬೆಲೆ. ಜಾಹೀರಾತಿನಲ್ಲಿ ಕಾಣುವುದು ಆ ಎಂಟರ ಬೆಲೆ. ಹಂಪಿ ಉತ್ಸವ, ದೀಪಾವಳಿ, ಮದುವೆ ಮುಹೂರ್ತಗಳ ಹೊತ್ತಿಗೆ ಅಗ್ಗದ ಪಾಲನ್ನೇ ತೆಗೆದುಬಿಟ್ಟರೂ ನಮಗೆ ತಿಳಿಯುವುದಿಲ್ಲ.

ಆ ವಿಭಾಗದಲ್ಲಿ ಕೆಲಸ ಮಾಡುವವರು ದಿನವಿಡೀ ಎದುರಾಳಿಯ ದರವನ್ನೇ ನೋಡುತ್ತಿರುತ್ತಾರೆ. ಅವರು ಇನ್ನೂರು ಇಳಿಸಿದರೆ ಇವರೂ ಇಳಿಸುತ್ತಾರೆ. ಅವರ ವಿಮಾನ ಎಂಟು ಗಂಟೆಗೆ ಇದ್ದರೆ ಇವರದು ಏಳೂ ಮುಕ್ಕಾಲಿಗೆ. ಹೊಸ ಕಂಪನಿ ಒಂದು ಮಾರ್ಗಕ್ಕೆ ಬಂದರೆ ಹಳೆಯ ಕಂಪನಿ ಅದೇ ಮಾರ್ಗಕ್ಕೆ ಇನ್ನೆರಡು ವಿಮಾನ ಸೇರಿಸಿ ದರ ಕುಸಿಯುವಂತೆ ಮಾಡುತ್ತದೆ. ದೊಡ್ಡ ಗಂಟಿನವರು ಆರು ತಿಂಗಳು ನಷ್ಟ ತಡೆದುಕೊಳ್ಳುತ್ತಾರೆ. ಸಣ್ಣವರು ತಡೆಯುವುದಿಲ್ಲ.

ಸ್ಲಾಟ್ ಇನ್ನೊಂದು ಅಸ್ತ್ರ. ದೊಡ್ಡ ನಿಲ್ದಾಣದಲ್ಲಿ ವಿಮಾನ ಇಂಥ ಹೊತ್ತಿಗೆ ಇಳಿಯಬಹುದು, ಏರಬಹುದು ಎಂಬ ಅನುಮತಿ ಅದು. ಬೇಸಿಗೆ ಮತ್ತು ಚಳಿಗಾಲ ಎಂದು ವರ್ಷಕ್ಕೆರಡು ಬಾರಿ ಹಂಚಿಕೆ. ಸಿಕ್ಕ ಸ್ಲಾಟನ್ನು ನೂರಕ್ಕೆ ಎಂಬತ್ತು ಬಾರಿಯಾದರೂ ಬಳಸಿದರೆ ಮುಂದಿನ ಋತುವಿಗೂ ಅದು ನಿಮ್ಮದೇ. ಬೆಳಗಿನ ಒಳ್ಳೆಯ ಹೊತ್ತೆಲ್ಲ ಹಳೆಯ ಕಂಪನಿಗಳ ಕೈಯಲ್ಲಿ ಉಳಿಯುವುದು ಹೀಗೆ. ತೋರಣಗಲ್ಲಿನಂಥ ಊರಿಗೆ ಹೋಗುವ ಸಣ್ಣ ವಿಮಾನಕ್ಕೆ ಬೆಂಗಳೂರಿನಲ್ಲಿ ಬೇಕಾದ ಹೊತ್ತು ಸಿಗದಿದ್ದರೆ, ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ಸಂಜೆ ಬರುವ ಪ್ರಯಾಣಿಕರು ಕೈತಪ್ಪಿದಂತೆಯೇ.

ನೆಲದ ಮೇಲಿನ ಅರ್ಧ ಗಂಟೆ

ಅಗ್ಗದ ದರದ ಕಂಪನಿಯ ಬದುಕು ನಿಂತಿರುವುದು ಒಂದು ಮಾತಿನ ಮೇಲೆ: ವಿಮಾನ ನೆಲದ ಮೇಲಿದ್ದರೆ ನಷ್ಟ. ಬಂದಿಳಿದ ವಿಮಾನ 25–30 ನಿಮಿಷದಲ್ಲಿ ಮತ್ತೆ ಹೊರಡಬೇಕು.

ಆ ಅರ್ಧ ಗಂಟೆಯನ್ನು ಹತ್ತಿರದಿಂದ ನೋಡಿ. ಚಕ್ರಕ್ಕೆ ಅಡ್ಡಗಟ್ಟೆ ಇಟ್ಟ ಕೂಡಲೇ ಎರಡು ಬಾಗಿಲಿಗೂ ಮೆಟ್ಟಿಲು ಬರುತ್ತದೆ. ಮುಂದಿನವರು ಮುಂದಿನಿಂದ, ಹಿಂದಿನವರು ಹಿಂದಿನಿಂದ ಇಳಿಯುತ್ತಾರೆ. ಕೊನೆಯ ಪ್ರಯಾಣಿಕ ಮೆಟ್ಟಿಲಲ್ಲಿ ಇರುವಾಗಲೇ ಗಗನಸಖಿಯರು ಚೀಲ ಹಿಡಿದು ಸೀಟಿನ ಜೇಬಿನ ಕಸ ತೆಗೆಯುತ್ತಾರೆ, ಬೆಲ್ಟುಗಳನ್ನು ಅಡ್ಡಡ್ಡ ಮಡಚಿ ಇಡುತ್ತಾರೆ, ಸೀಟಿನ ಕೆಳಗೆ ಯಾರಾದರೂ ಏನಾದರೂ ಬಿಟ್ಟಿದ್ದಾರೆಯೇ ಎಂದು ಬಗ್ಗಿ ನೋಡುತ್ತಾರೆ. ಹೊರಗೆ ಲೋಡರ್‌ಗಳು ಮೊಣಕಾಲೂರಿ ಹೊಟ್ಟೆಯೊಳಗಿನ ಸೂಟ್‌ಕೇಸ್‌ಗಳನ್ನು ಎಳೆಯುತ್ತಿರುತ್ತಾರೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಕಾದ ಕಾಂಕ್ರೀಟಿನ ಮೇಲೆ ಆ ಕೆಲಸ ಎಂಥದೆಂದು ಬಳ್ಳಾರಿ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಎಂಜಿನಿಯರ್ ಟೈರು, ಎಂಜಿನ್ ನೋಡಿ ಸಹಿ ಹಾಕಬೇಕು. ಆ ಸಹಿಗೆ ಅವಸರ ಸಲ್ಲದು, ಆದರೆ ಗಡಿಯಾರ ಎಲ್ಲರ ತಲೆಯ ಮೇಲೂ ಇರುತ್ತದೆ.

ತಡವಾದರೆ ಆ ತಡ ಯಾರ ಲೆಕ್ಕಕ್ಕೆ ಎಂಬ ವಿಚಾರಣೆ. ಪ್ರತಿ ವಿಳಂಬಕ್ಕೂ ಒಂದು ಸಂಕೇತ ಸಂಖ್ಯೆ ಇದೆ. ಸಾಮಾನಿನವರು, ಇಂಧನದವರು, ಕೌಂಟರಿನವರು, ಕ್ರೂ ಹೀಗೆ ಯಾರದೋ ತಲೆಗೆ ಅದು ಬರಲೇಬೇಕು. ಕ್ರೂಗೆ ಸಿಗುವ ಭತ್ಯೆಯ ದೊಡ್ಡ ಪಾಲು ಹಾರಿದ ಗಂಟೆಗಳ ಮೇಲೆ. ಗೇಟಿನಲ್ಲಿ ಮೂರು ಗಂಟೆ ಕಾದರೆ ಅದು ಹಾರಾಟದ ಗಂಟೆಯಲ್ಲ.

ಕೌಂಟರಿನಲ್ಲಿ 15 ಕೆ.ಜಿ. ಮೇಲಿನ ಸಾಮಾನಿಗೆ ದುಡ್ಡು ಕೇಳುವವರ ಮೇಲೆ ನಾವು ಸಿಟ್ಟಾಗುತ್ತೇವೆ. ಟಿಕೆಟ್ಟಿನಲ್ಲಿ ಬಿಟ್ಟದ್ದನ್ನು ಸಾಮಾನು, ಸೀಟು, ತಿಂಡಿಯಲ್ಲಿ ಹಿಂಪಡೆಯುವುದು ಈ ವ್ಯವಹಾರದ ರೀತಿ. ಕೇಳುವವರಿಗೆ ಮೇಲಿನಿಂದ ಆದೇಶ ಇರುತ್ತದೆ. ಅವರೊಂದಿಗೆ ದನಿ ಎತ್ತರಿಸಿ ಪ್ರಯೋಜನವಿಲ್ಲ.

ಪೈಲಟ್‌ಗಾಗಿ ಕಿತ್ತಾಟ

ವಿಮಾನವನ್ನು ಬಾಡಿಗೆಗೆ ತರಬಹುದು. ಕ್ಯಾಪ್ಟನ್‌ನನ್ನು ತರಲಾಗದು; ಆತ ತಯಾರಾಗಲು ವರ್ಷಗಳು ಬೇಕು. ಹಾಗಾಗಿ ಎದುರಾಳಿಯ ಮನೆಯಿಂದ ಕರೆತರುವುದೇ ಸುಲಭ. 2005ರಲ್ಲಿ ಹೊಸ ಕಂಪನಿಗಳು ಒಟ್ಟಿಗೆ ಹುಟ್ಟಿದಾಗ ಈ ಸೆಳೆದಾಟ ಮಿತಿಮೀರಿತು. ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ, ಪೈಲಟ್ ಕೆಲಸ ಬಿಡಲು ಆರು ತಿಂಗಳ ನೋಟಿಸ್ ಕೊಡಬೇಕೆಂದು ನಿಯಮ ತಂದಿತು. 2017ರಲ್ಲಿ ಕ್ಯಾಪ್ಟನ್‌ಗಳಿಗೆ ಅದನ್ನು ಒಂದು ವರ್ಷ ಮಾಡಿತು. ಪೈಲಟ್ ಸಂಘಗಳು ವಿರೋಧಿಸುತ್ತಲೇ ಇವೆ. ಬೇರೆ ಯಾವ ಖಾಸಗಿ ನೌಕರನಿಗೆ ಸರ್ಕಾರವೇ ಇಂಥ ಬೇಲಿ ಹಾಕಿದೆ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ.

2022ರ ಜುಲೈ 2ರಂದು ಇಂಡಿಗೊ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಡವಾದವು. ಕ್ರೂ ಸದಸ್ಯರು ದೊಡ್ಡ ಸಂಖ್ಯೆಯಲ್ಲಿ ಹುಷಾರಿಲ್ಲವೆಂದು ರಜೆ ಹಾಕಿದ್ದರು. ಅದೇ ದಿನಗಳಲ್ಲಿ ಏರ್ ಇಂಡಿಯಾದ ನೇಮಕಾತಿ ಸಂದರ್ಶನ ನಡೆದಿತ್ತು. ಕೋವಿಡ್ ಕಾಲದಲ್ಲಿ ಕಡಿತವಾದ ಸಂಬಳ ಪೂರ್ತಿ ಮರಳಿರಲಿಲ್ಲ. ಆ ರಜೆಯೇ ಅವರ ಮಾತಾಗಿತ್ತು. ಮರುವರ್ಷ ಆಕಾಸಾ ಏರ್ ನೋಟಿಸ್ ಪೂರೈಸದೆ ಹೋದ 43 ಪೈಲಟ್‌ಗಳ ಮೇಲೆ ನ್ಯಾಯಾಲಯಕ್ಕೆ ಹೋಯಿತು.

2025ರ ಡಿಸೆಂಬರ್ ಎಲ್ಲರಿಗೂ ನೆನಪಿರಬಹುದು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿ, ರಾತ್ರಿ ಇಳಿಸುವ ವಿಮಾನಗಳ ಸಂಖ್ಯೆಗೆ ಮಿತಿ ಹಾಕಿದ ಹೊಸ ನಿಯಮ ನವೆಂಬರ್ 1ರಿಂದ ಪೂರ್ತಿ ಜಾರಿಗೆ ಬಂದಿತ್ತು. ದೇಶದ ಪ್ರಯಾಣಿಕರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಜನರನ್ನು ಒಯ್ಯುವ ಇಂಡಿಗೊ ಬಳಿ ಅದಕ್ಕೆ ತಕ್ಕಷ್ಟು ಪೈಲಟ್‌ಗಳಿರಲಿಲ್ಲ. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದಾದವು. ಬೆಂಗಳೂರಿನ ನಿಲ್ದಾಣದಲ್ಲಿ ಜನ ನೆಲದ ಮೇಲೆ ಮಲಗಿದರು. ಕಂಪನಿ ನೇಮಕಾತಿ ತಡೆದಿತ್ತು, ಒಬ್ಬರ ಪೈಲಟ್‌ಗಳನ್ನು ಇನ್ನೊಬ್ಬರು ಸೆಳೆಯಬಾರದೆಂಬ ಒಪ್ಪಂದಗಳಿದ್ದವು ಎಂದು ಪೈಲಟ್‌ಗಳ ಒಕ್ಕೂಟ ಆರೋಪಿಸಿತು. ಸರ್ಕಾರ ವಿಶ್ರಾಂತಿಯ ನಿಯಮವನ್ನೇ ತಾತ್ಕಾಲಿಕವಾಗಿ ಸಡಿಲಿಸಿತು. ಪ್ರಯಾಣಿಕರ ಪರದಾಟ ನಿಲ್ಲಿಸಲು ಪೈಲಟ್‌ನ ನಿದ್ದೆ ಕಡಿಮೆ ಮಾಡುವುದು ಸುರಕ್ಷತೆಯ ದಾರಿಯಲ್ಲ.

ಸಂಬಳ ನಿಂತ ತಿಂಗಳುಗಳು

ಪೈಪೋಟಿ ಕೈಮೀರಿದಾಗ ಕಂಪನಿ ಯಾರಿಗೆ ಮೊದಲು ದುಡ್ಡು ಕೊಡುತ್ತದೆ? ಇಂಧನದವರಿಗೆ ಕೊಡದಿದ್ದರೆ ಟ್ಯಾಂಕ್ ತುಂಬುವುದಿಲ್ಲ. ನಿಲ್ದಾಣಕ್ಕೆ ಕೊಡದಿದ್ದರೆ ವಿಮಾನ ತಡೆಯುತ್ತಾರೆ. ವಿಮಾನ ಬಾಡಿಗೆ ಕೊಟ್ಟವರು ವಿಮಾನವನ್ನೇ ಒಯ್ಯುತ್ತಾರೆ. ಕೊಡದಿದ್ದರೂ ಮರುದಿನ ಕೆಲಸಕ್ಕೆ ಬರುವವರು ನೌಕರರು ಮಾತ್ರ.

2008ರಲ್ಲಿ ಕಚ್ಚಾ ತೈಲ ಬ್ಯಾರಲ್‌ಗೆ 147 ಡಾಲರ್ ಮುಟ್ಟಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಬದ್ಧ ವೈರಿಗಳಾದ ಜೆಟ್ ಮತ್ತು ಕಿಂಗ್‌ಫಿಷರ್ ಕೈಜೋಡಿಸುವುದಾಗಿ ಪ್ರಕಟಿಸಿದವು. ಅದೇ ವಾರ ಜೆಟ್ ಸುಮಾರು 1,900 ಜನರನ್ನು ಕೆಲಸದಿಂದ ತೆಗೆಯಲು ಹೊರಟಿತು. ಯುವ ನೌಕರರು ಸಮವಸ್ತ್ರದಲ್ಲೇ ಮುಂಬೈಯ ಬೀದಿಗಿಳಿದರು. ಒಂದೆರಡು ದಿನದಲ್ಲೇ ಮಾಲೀಕ ನರೇಶ್ ಗೋಯಲ್ ಆ ನೌಕರರನ್ನು ಹಿಂದಕ್ಕೆ ಕರೆಸಿಕೊಂಡರು.

ಕಿಂಗ್‌ಫಿಷರ್ ನೌಕರರಿಗೆ ಆ ಭಾಗ್ಯವೂ ಇರಲಿಲ್ಲ. 2012ರ ಮಾರ್ಚ್‌ನಿಂದ ಸಂಬಳ ನಿಂತಿತು. ಏಳು ತಿಂಗಳು ಜನ ಸಂಬಳವಿಲ್ಲದೆ ಡ್ಯೂಟಿ ಮಾಡಿದರು. ಇವತ್ತಲ್ಲ ನಾಳೆ ಕೊಡುತ್ತಾರೆಂದು ನಂಬಿದರು. ಬಿಟ್ಟು ಹೋದರೆ ಹಳೆಯದೂ ಸಿಗದೆಂದು ಹೆದರಿದರು. ಮನೆ ಸಾಲದ ಕಂತು, ಮಕ್ಕಳ ಶುಲ್ಕ ಯಾವುದೂ ಕಾಯಲಿಲ್ಲ. ಸಂಬಳದಿಂದ ಮುರಿದುಕೊಂಡ ಆದಾಯ ತೆರಿಗೆಯನ್ನೂ ಕಂಪನಿ ಸರ್ಕಾರಕ್ಕೆ ಕಟ್ಟಿರಲಿಲ್ಲ. ಎಂಜಿನಿಯರ್‌ಗಳು ಮುಷ್ಕರ ಹೂಡಿದ ಮೇಲೆ ಅಕ್ಟೋಬರ್ ಮೊದಲ ದಿನಗಳಲ್ಲಿ ಹಾರಾಟ ನಿಂತಿತು. ಅಕ್ಟೋಬರ್ 20ರಂದು ಪರವಾನಗಿ ಅಮಾನತಾಯಿತು.

ಬ್ಯಾಂಕುಗಳ ಸಾಲದ ಬಗ್ಗೆ, 2016ರ ಮಾರ್ಚ್‌ನಲ್ಲಿ ಮಲ್ಯ ದೇಶ ಬಿಟ್ಟದ್ದರ ಬಗ್ಗೆ ನಾವೆಲ್ಲ ವರ್ಷಗಟ್ಟಲೆ ಚರ್ಚಿಸಿದೆವು. ನೌಕರರ ಬಾಕಿಯ ಬಗ್ಗೆ ಮಾತಾಡಿದವರು ಕಡಿಮೆ. ಜಪ್ತಿ ಮಾಡಿದ ಆಸ್ತಿಯಿಂದ ಸುಮಾರು 312 ಕೋಟಿ ರೂಪಾಯಿ ಅವರಿಗೆ ಕೊಡುವ ತೀರ್ಮಾನ ಆದದ್ದು 2025ರ ಕೊನೆಯಲ್ಲಿ. ಕಂಪನಿ ನಿಂತು 13 ವರ್ಷ ಆದ ಮೇಲೆ.

ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. ಐದೂವರೆ ವರ್ಷ ಎಳೆದಾಡಿ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮಾರಿ ಮುಗಿಸಲು ಹೇಳಿತು. ಗೋ ಫಸ್ಟ್ ಎಂದು ಹೆಸರು ಬದಲಿಸಿಕೊಂಡಿದ್ದ ಗೋ ಏರ್ 2023ರ ಮೇ 3ರಂದು ನಿಂತಿತು. ಪ್ರತಿ ಬಾರಿಯೂ ಎದುರಾಳಿ ಕಂಪನಿಗಳು ಮೊದಲು ಓಡಿದ್ದು ಖಾಲಿಯಾದ ಸ್ಲಾಟ್‌ಗಳ ಕಡೆಗೆ.

ವಿಮಾನದ ಮಾಲೀಕನಿಗೆ ಕಾನೂನು, ನೌಕರನಿಗೆ?

ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಬೇಸರದ್ದು ಇದು. ದಿವಾಳಿ ಕಾನೂನಿನಲ್ಲಿ ಕಾರ್ಮಿಕರ 24 ತಿಂಗಳ ಬಾಕಿಗೆ ಬ್ಯಾಂಕುಗಳಿಗೆ ಸಮನಾದ ಸ್ಥಾನವಿದೆ. ಉಳಿದ ನೌಕರರ 12 ತಿಂಗಳ ಬಾಕಿಯ ಸರದಿ ಅದರ ನಂತರ. ಕಾಗದದ ಮೇಲೆ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ನಮ್ಮ ವಿಮಾನಯಾನ ಕಂಪನಿಗಳ ಬಳಿ ಇರುವ ವಿಮಾನಗಳಲ್ಲಿ ಬಹುಪಾಲು ಬಾಡಿಗೆಯವು. ಕಂಪನಿ ಬಿದ್ದ ದಿನ ಹರಾಜು ಹಾಕಲು ಉಳಿಯುವುದು ಮೇಜು, ಕುರ್ಚಿ, ಕಂಪ್ಯೂಟರ್.

ಗೋ ಫಸ್ಟ್ ಬಿದ್ದಾಗ ಬಾಡಿಗೆಗೆ ಕೊಟ್ಟವರ ವಿಮಾನಗಳು ಇಲ್ಲೇ ಸಿಕ್ಕಿಬಿದ್ದವು. ಅವನ್ನು ಬಿಡಿಸಿಕೊಡಿ ಎಂದು ವಿದೇಶಿ ಮಾಲೀಕರು ಗಟ್ಟಿ ದನಿಯಲ್ಲಿ ಕೇಳಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸರ್ಕಾರ ಅವರ ಪರವಾಗಿ ಅಧಿಸೂಚನೆ ಹೊರಡಿಸಿತು. 2025ರಲ್ಲಿ ಸಂಸತ್ತು ಅದಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಿತು. ಎರಡು ವರ್ಷದಲ್ಲಿ ಅವರ ಸಮಸ್ಯೆ ಬಗೆಹರಿಯಿತು. ಆಗಬೇಕಾದದ್ದೇ, ತಪ್ಪಲ್ಲ. ಆದರೆ 2012ರಿಂದ ಕಾಯುತ್ತಿದ್ದ ನೌಕರರ ದನಿಗೆ ಅಂಥ ಕಾಯ್ದೆ ಹುಟ್ಟಲಿಲ್ಲ.

ಮಾಡಬೇಕಾದದ್ದು ಕಷ್ಟದ್ದೇನೂ ಅಲ್ಲ. ಎರಡು ತಿಂಗಳ ಸಂಬಳ ಬಾಕಿ ಇಟ್ಟ ಕಂಪನಿ ಮುಂಗಡ ಟಿಕೆಟ್ ಮಾರುವಂತಿಲ್ಲ ಎಂದು ಡಿಜಿಸಿಎ ಒಂದು ಸಾಲು ಬರೆದರೆ ಸಾಕು. ಸಂಬಳ ಸಿಗದ ಎಂಜಿನಿಯರ್ ಸಹಿ ಹಾಕಿದ ವಿಮಾನದಲ್ಲಿ ಕೂರುವವರು ನಾವೇ ತಾನೇ? ಉಡಾನ್ ಸಹಾಯಧನ ನಮ್ಮೆಲ್ಲರ ದುಡ್ಡು. ಅದನ್ನು ಪಡೆಯುವ ಕಂಪನಿ ಪ್ರತಿ ತಿಂಗಳು ಸಂಬಳ ಕೊಟ್ಟ ದಾಖಲೆ ತೋರಿಸಿದ ಮೇಲೆಯೇ ಕಂತು ಬಿಡುಗಡೆಯಾಗಲಿ. ನಮ್ಮ ಸಂಸದರು, ಶಾಸಕರು ತೋರಣಗಲ್ಲಿಗೆ ಇನ್ನೊಂದು ವಿಮಾನ ಬೇಕೆಂದು ಕೇಳುವಾಗ ಈ ಮಾತನ್ನೂ ಕೇಳಲಿ.

ಹೊಸಪೇಟೆ, ಸಂಡೂರು, ಕಂಪ್ಲಿಯಿಂದ ವಿಮಾನಯಾನ ತರಬೇತಿಗೆ ಸೇರುವ ಮಕ್ಕಳಿಗೆ ಕೊನೆಯದಾಗಿ ಒಂದಿಷ್ಟು ಮಾತು. ಇಂತಿಷ್ಟು ವರ್ಷ ಕೆಲಸ ಬಿಡುವುದಿಲ್ಲವೆಂಬ ಬಾಂಡ್‌ಗೆ ಸಹಿ ಹಾಕುವ ಮುನ್ನ ಎಷ್ಟು ವರ್ಷ, ಬಿಟ್ಟರೆ ಎಷ್ಟು ದುಡ್ಡು ಎಂಬುದನ್ನು ಓದಿಸಿ ತಿಳಿದುಕೊಳ್ಳಿ. ಕೆಲಸಕ್ಕೆ ಸೇರಿದ ಮೇಲೆ ಪ್ರತಿ ತಿಂಗಳು ಭವಿಷ್ಯ ನಿಧಿಯ ಪಾಸ್‌ಬುಕ್ ಮೊಬೈಲಿನಲ್ಲಿ ತೆರೆದು ಕಂಪನಿಯ ಪಾಲು ಜಮೆಯಾಗಿದೆಯೇ ನೋಡಿ. ಮುರಿದುಕೊಂಡ ತೆರಿಗೆ ಸರ್ಕಾರಕ್ಕೆ ಹೋಗಿದೆಯೇ ಎಂಬುದು ಆದಾಯ ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಸಿಗುತ್ತದೆ. ಇವೆರಡರಲ್ಲಿ ಒಂದು ನಿಂತರೂ ಕಾಯಬೇಡಿ. ಲಿಖಿತವಾಗಿ ಕೇಳಿ, ಉತ್ತರ ಬಾರದಿದ್ದರೆ ಭವಿಷ್ಯ ನಿಧಿ ಕಚೇರಿಗೆ ದೂರು ಕೊಡಿ, ಬೇರೆ ಕೆಲಸ ಹುಡುಕಲು ಶುರುಮಾಡಿ.